‘ಬಂತು’: ಉತ್ತರ ಕನ್ನಡದ ಅನಿಮೆ ಬಳಗವೊಂದರಲ್ಲಿ ಒಂದು ಕ್ರಿಯಾಪದದ ಪ್ರಕರಣ

ಶಿರಸಿ, ಸಿದ್ದಾಪುರ, ಹೊನ್ನಾವರ, ಕಾರವಾರ, ಹಳಿಯಾಳ ಕಡೆಯ ಹುಡುಗ ಹುಡುಗಿಯರು ಸೇರಿ ಕಟ್ಟಿಕೊಂಡ, ಜಪಾನಿನ ಅನಿಮೇಷನ್ ಸರಣಿಗಳನ್ನು ಅಂದರೆ ಅನಿಮೆ ನೋಡುವವರ ಬಳಗ ಅದು. ಗುಂಪು ಮಾತುಕತೆಗೆ ಬಳಸುವ, ಒಳಗೆ ಚಾನೆಲ್ ಎಂಬ ಬೇರೆ ಬೇರೆ ಕೋಣೆಗಳಿರುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ನೂರ ನಲವತ್ತರಷ್ಟು ಜನ, ಅವರಲ್ಲೇ ಅರವತ್ತು ಮಂದಿಯ ಒಂದು ವಾಟ್ಸ್ಯಾಪ್ ಗುಂಪು. ಜಪಾನಿ ಸರಣಿಗಳ ಸಂಭಾಷಣೆಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆದು ನೋಡುವುದು ಬಳಗದ ಮುಖ್ಯ ಹುಚ್ಚು. ಆಷಾಢದ ಒಂದು ಭಾನುವಾರ ರಾತ್ರಿ ಆ ಸಬ್‌ಟೈಟಲ್‌ನ ಒಂದೇ ಒಂದು ಕ್ರಿಯಾಪದದ ಮೇಲೆ ಜಗಳ ಹತ್ತಿತು. ಮೂರು ತಾಸಿನೊಳಗೆ ಇಬ್ಬರು ಬಳಗ ಬಿಟ್ಟರು. ಬೆಳಗಾಗುವಷ್ಟರಲ್ಲಿ ಹತ್ತೊಂಬತ್ತು ವರ್ಷದ ಒಬ್ಬಾಕೆಯ ಗುಟ್ಟು ಆಕೆಯ ಮನೆಯವರ ಫೋನಿಗೆ ತಲುಪಿತ್ತು.

ಇಂಥ ಬಳಗಗಳಲ್ಲಿ ಮತ್ತೆ ಮತ್ತೆ ಆಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆದು ಇಲ್ಲಿ ಕೊಟ್ಟಿದೆ. ಬಳಗವಾಗಲಿ ಸದಸ್ಯರಾಗಲಿ ಇಂಥವರೇ ಎಂದು ಹುಡುಕಿದರೆ ಸಿಗುವವರಲ್ಲ. ಭಾಷೆಯ, ಕಾನೂನಿನ, ಆ್ಯಪ್‌ಗಳ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ.

ಆ ಸಾಲು

ಸರಣಿಯಲ್ಲಿ ಹದಿನಾರು ವರ್ಷದ ಒಂದು ಪಾತ್ರ. ಹಿಕರು ಎಂದು ಕರೆಯೋಣ. ಜಪಾನಿನಲ್ಲಿ ಗಂಡಿಗೂ ಹೆಣ್ಣಿಗೂ ಇಡುವ ಹೆಸರು. ಗಂಡೋ ಹೆಣ್ಣೋ ಎಂಬುದನ್ನು ಕತೆ ಬೇಕೆಂದೇ ಹೇಳುವುದಿಲ್ಲ. ಹಿಕರು ತನ್ನನ್ನು ‘ಬೊಕು’ ಎಂದುಕೊಳ್ಳುತ್ತದೆ. ಜಪಾನಿಯಲ್ಲಿ ‘ನಾನು’ ಎನ್ನಲು ಹಲವು ಪದಗಳು. ‘ವತಾಶಿ’ ಯಾರ ಬಾಯಲ್ಲೂ ಒಪ್ಪುವ, ಸ್ವಲ್ಪ ಮರ್ಯಾದೆಯ ಮಾತು. ‘ಒರೆ’ ಗಂಡಸರ ಒರಟು ಸಲಿಗೆ. ‘ಅತಾಶಿ’ ಹೆಚ್ಚಾಗಿ ಹೆಂಗಸರದು. ‘ಬೊಕು’ ಸಾಮಾನ್ಯವಾಗಿ ಹುಡುಗರ ಮೆದು ಮಾತು, ಆದರೆ ಕತೆಗಳಲ್ಲೂ ಹಾಡುಗಳಲ್ಲೂ ಹುಡುಗಿಯರು ಅದನ್ನು ಹಿಡಿದುಕೊಳ್ಳುವುದುಂಟು. ಕನ್ನಡಕ್ಕೆ ಬಂದರೆ ಇವೆಲ್ಲವೂ ಒಂದೇ ‘ನಾನು’. ಅಲ್ಲಿ ನಮ್ಮ ಓದುಗ ಒಂದು ಸುಳಿವು ಕಳೆದುಕೊಳ್ಳುತ್ತಾನೆ.

ಅವನು, ಅವಳು, ಅದು ಎನ್ನುವ ಪ್ರಥಮ ಪುರುಷಕ್ಕೆ ಬಂದರೆ ಎಲ್ಲ ತಿರುವುಮುರುವು. ತರಗತಿಯ ಬಾಗಿಲಲ್ಲಿ ನಿಂತ ಗೆಳೆಯ ಹೊರಗೆ ನೋಡಿ ಒಂದೇ ಪದ ಹೇಳುತ್ತಾನೆ: ‘ಕಿತಾ’. ಬರುವ ಕ್ರಿಯೆ ಆಯಿತು ಎಂಬುದಷ್ಟೇ ಅದರ ಅರ್ಥ. ಬಂದದ್ದು ಗಂಡೋ, ಹೆಣ್ಣೋ, ಒಬ್ಬರೋ, ನಾಲ್ವರೋ, ನಾನೋ, ನೀನೋ, ಯಾವುದೂ ಅದರೊಳಗಿಲ್ಲ. ಕನ್ನಡದ ಕ್ರಿಯಾಪದಕ್ಕೆ ಹೀಗೆ ಸುಮ್ಮನಿರಲು ಬರುವುದಿಲ್ಲ. ಬಂದ, ಬಂದಳು, ಬಂದರು, ಬಂತು: ಒಂದನ್ನು ಆರಿಸಲೇಬೇಕು.

ಸಿದ್ದಾಪುರದ ಅನುವಾದಕ ‘ಬಂತು ನೋಡು’ ಎಂದು ಬರೆದ. ಆತನ ಮನೆಮಾತು ಹವ್ಯಕರ ಕನ್ನಡವಾದ ಹವಿಗನ್ನಡ. ಅಲ್ಲಿ ‘ಮಾಣಿ ಬಂದ’, ‘ಕೂಸು ಬಂತು’. ಮಾಣಿ ಅಂದರೆ ಹುಡುಗ, ಕೂಸು ಅಂದರೆ ಹುಡುಗಿ. ಆಯಿ (ತಾಯಿ) ಬಂತು, ಅತ್ತೆ ಬಂತು, ಅಕ್ಕ ಬಂತು. ಹೆಂಗಸರಿಗೆ ‘ಅದು’ ಎನ್ನುವುದು ಆ ಮಾತಿನ ಸಹಜ ರೂಪ, ತಾತ್ಸಾರದ ಎಳೆಯೂ ಅದರಲ್ಲಿಲ್ಲ. ಕಾರವಾರದ ಕೊಂಕಣಿ ಮನೆಗಳಲ್ಲೂ ಎಳೆಯ ಹುಡುಗಿಗೆ ನಪುಂಸಕ ಲಿಂಗವೇ: ‘ತೆಂ ಆಯ್ಲೆಂ’. ಹಾಗಾಗಿ ಬಳಗದ ಬಹಳ ಜನರ ಕಿವಿಗೆ ಆ ಸಾಲು ಚುಚ್ಚಲೇ ಇಲ್ಲ. ಅನುವಾದಕನ ಲೆಕ್ಕವೂ ನೇರವಾಗಿತ್ತು. ‘ಬಂದ’ ಅಂದರೆ ಗಂಡಾಯಿತು, ‘ಬಂದಳು’ ಅಂದರೆ ಹೆಣ್ಣಾಯಿತು, ‘ಬಂದರು’ ಅಂದರೆ ಮಾಸ್ತರು ಬಂದ ಹಾಗಾಯಿತು. ಉಳಿದದ್ದು ‘ಬಂತು’.

ಹಳಿಯಾಳದಲ್ಲಿ ಕನ್ನಡದ ಧಾಟಿ ಧಾರವಾಡದ ಕಡೆಯದು. ಅಲ್ಲಿ ಮನುಷ್ಯರನ್ನು ‘ಅದು’ ಅಂದರೆ ಎರಡೇ ಅರ್ಥ: ತೊಟ್ಟಿಲಲ್ಲಿರುವ ಕೂಸು, ಇಲ್ಲವೇ ಮನುಷ್ಯರ ಲೆಕ್ಕಕ್ಕೇ ಸೇರದ್ದು. ಬಳಗದ ಹಳಿಯಾಳದ ಸದಸ್ಯೆ ಟ್ರಾನ್ಸ್ ಹೆಣ್ಣು: ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ತನ್ನನ್ನು ಹೆಣ್ಣೆಂದೇ ಅರಿತವಳು. ಮನೆಯಲ್ಲಿ ಗೊತ್ತಿರಲಿಲ್ಲ. ಬಳಗದಲ್ಲೂ ಹತ್ತು ಜನರಿಗೆ ಮಾತ್ರ, ಬೀಗ ಹಾಕಿದ ಒಂದು ಚಿಕ್ಕ ಚಾನೆಲ್‌ನಲ್ಲಿ, ಆಕೆಯೇ ಹೇಳಿಕೊಂಡಿದ್ದಳು.

ಮೂರು ತಾಸು

ರಾತ್ರಿ 9.40ಕ್ಕೆ ಅನುವಾದಕ ಕಡತವನ್ನು ತಿದ್ದಲಿಕ್ಕೆ ಹಾಕಿದ. 9.52ಕ್ಕೆ ಹಳಿಯಾಳದ ಸದಸ್ಯೆ ಬರೆದಳು: ‘ಇದು ಬ್ಯಾಡ. ಸಾಲ್ಯಾಗ ನನ್ನ ಅದು ಅಂತಿದ್ರು.’ ಆಕೆಯ ಹಿನ್ನೆಲೆ ಗೊತ್ತಿಲ್ಲದವರಿಗೆ ಅದು ವ್ಯಾಕರಣದ ತಕರಾರಿನ ಹಾಗೆ ಕಂಡಿತು. ಅನುವಾದಕನೂ ಹಾಗೇ ತಿಳಿದು ಉತ್ತರಿಸಿದ: ‘ಎಂಗ್ಳ ಮನೇಲಿ ಆಯಿಗೂ ಅದು ಹೇಳೇ ಹೇಳದು. ತಪ್ಪೆಂತ ಇದ್ದು?’ ತಾಯಿಗೂ ‘ಅದು’ ಎಂದೇ ಹೇಳುವುದು, ತಪ್ಪೇನಿದೆ ಎಂದು.

ಇಲ್ಲಿಗೆ ನಿಂತಿದ್ದರೆ ಎರಡೂ ಮಾತು ನಿಜ. ಆತನ ಮಾತಿನಲ್ಲಿ ಅವಮಾನ ಇರಲಿಲ್ಲ, ಆಕೆಯ ನೋವಿನಲ್ಲಿ ಅತಿಶಯ ಇರಲಿಲ್ಲ. ಒಂದೇ ಜಿಲ್ಲೆಯ ಎರಡು ಕನ್ನಡಗಳು ಎದುರಾಗಿದ್ದವು, ಅಷ್ಟೆ. ಬಳಗದಲ್ಲಿ ಇದನ್ನು ಗುರುತಿಸಿ ಹೇಳುವಂಥವರು ಕನಿಷ್ಠ ಐದಾರು ಜನ ಇದ್ದರು. ಒಬ್ಬರೂ ಬಾಯಿಬಿಡಲಿಲ್ಲ.

10.05ಕ್ಕೆ ಬೆಂಗಳೂರಿನಲ್ಲಿ ಓದುತ್ತಿರುವ ಕಾರವಾರದ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ಉದ್ದನೆಯ ಸಂದೇಶ ಹಾಕಿದ. ಅನುವಾದಕನನ್ನು ‘ಟ್ರಾನ್ಸ್‌ಫೋಬ್’, ಅಂದರೆ ಟ್ರಾನ್ಸ್ ಜನರನ್ನು ಹೀಗಳೆಯುವವ, ಎಂದ. ಅನುವಾದಕನಿಗೆ ಆ ಪದವೇ ಗೊತ್ತಿರಲಿಲ್ಲ. ಹುಡುಕಿ ಓದಿದ ಮೇಲೆ ಸಿಟ್ಟು ನೆತ್ತಿಗೇರಿ, ‘ನಮ್ಮ ಮನೆಮಾತನ್ನೇ ಹೊಲಸು ಅಂತೀರಾ’ ಎಂದು ತಿರುಗಿಬಿದ್ದ. ಅಲ್ಲಿಂದ ಜಗಳ ಹಿಕರುವಿನದಾಗಿ ಉಳಿಯಲಿಲ್ಲ. ‘ಅನಿಮೆಯೊಳಗೆ ರಾಜಕೀಯ ತರಬೇಡಿ’ ಎಂದು ನಾಲ್ಕೈದು ಜನ. ‘ನಮ್ಮ ಯಕ್ಷಗಾನದಲ್ಲಿ ಇದೆಲ್ಲ ಎಂದಿನಿಂದಲೂ ಇದೆ, ಹೊಸದೇನು’ ಎಂದು ಹೊನ್ನಾವರದ ಒಬ್ಬ. 10.50ರ ಹೊತ್ತಿಗೆ ಯಾರೋ ಒಬ್ಬ ‘ಒಂಬತ್ತು’ ಎಂದು ಬರೆದು ನಗುವ ಗುರುತು ಹಾಕಿದ. ಆ ಅಂಕಿ ಬೈಗುಳವಾಗಿ ಯಾರಿಗೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ನಿಷೇಧಿಸುವ ಅಧಿಕಾರ ಇದ್ದದ್ದು ಮುಖ್ಯ ಅಡ್ಮಿನ್ ಒಬ್ಬನ ಕೈಯಲ್ಲಿ. ಆತನ ಊರು ಸಿದ್ದಾಪುರದ ಒಳಗಿನ ಹಳ್ಳಿ. ಆ ರಾತ್ರಿ ಮಳೆಗೆ ಕರೆಂಟು ಹೋಗಿತ್ತು, ಒಂದೆರಡು ತಾಸಿಗೆ ಟವರಿನ ಬ್ಯಾಟರಿಯೂ ಮುಗಿದಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಇದು ವಿಶೇಷವೇ ಅಲ್ಲ, ಹಾಗಾಗಿ ಮೊದಲೇ ಯೋಚಿಸಿಡಬೇಕಾದ ಸಂಗತಿ. ಉಪ ಅಡ್ಮಿನ್‌ಗೆ ಚಾನೆಲ್‌ನ ವೇಗ ತಗ್ಗಿಸುವ ಸೌಲಭ್ಯ ಇತ್ತು. ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಮುಂದಿನದಕ್ಕೆ 5 ಸೆಕೆಂಡಿನಿಂದ 6 ತಾಸಿನವರೆಗೆ ಕಾಯಿಸಬಹುದು. ಹತ್ತೂ ಕಾಲಿಗೆ 10 ನಿಮಿಷದ ತಡೆ ಹಾಕಿದ್ದರೆ ಎಲ್ಲರೂ ಒಮ್ಮೆ ಉಸಿರು ಬಿಡುತ್ತಿದ್ದರು. ಅದರ ಬದಲು 11.15ಕ್ಕೆ ಆತ ಹೊರದೇಶದ ಬಳಗವೊಂದರ ಹದಿನಾಲ್ಕು ನಿಯಮಗಳನ್ನು ಇಂಗ್ಲಿಷಿನಲ್ಲೇ ಅಂಟಿಸಿದ. ಕನ್ನಡ ಮಾಧ್ಯಮದಲ್ಲಿ ಓದಿದ ಅರ್ಧದಷ್ಟು ಸದಸ್ಯರು ಅಲ್ಲಿಂದ ಮಾತೇ ನಿಲ್ಲಿಸಿದರು. ಒಪ್ಪಿ ನಿಲ್ಲಿಸಿದ್ದಲ್ಲ, ‘ಇದು ನಮ್ಮ ಜಾಗ ಅಲ್ಲ’ ಅಂದುಕೊಂಡು.

ಜೊತೆಗೆ ಪದ ತಡೆಯುವ ಸ್ವಯಂಚಾಲಿತ ಪಟ್ಟಿಗೆ ‘ಒಂಬತ್ತ’ ಎಂಬುದನ್ನು, ಮುಂದೆ ಏನೇ ಸೇರಿದರೂ ಹಿಡಿಯುವಂತೆ ನಕ್ಷತ್ರದ ಗುರುತಿನೊಂದಿಗೆ ಹಾಕಿದ. ಮರುದಿನ ಯಾರಿಗೂ ‘ಒಂಬತ್ತನೇ ಎಪಿಸೋಡ್’ ಎಂದು ಬರೆಯಲು ಆಗಲಿಲ್ಲ. ‘ಒಂಬತ್ತಕ್ಕೆ ಸೇರೋಣ’ ಅಂದವನ ಸಂದೇಶವೂ ಹೋಗಲಿಲ್ಲ. ಅದೇ ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಇಲ್ಲವೇ ಬರೀ ಅಂಕಿಯಲ್ಲಿ ಬರೆದವರು ಸಲೀಸಾಗಿ ದಾಟಿಹೋದರು. ಕನ್ನಡದಲ್ಲಿ ಪ್ರತ್ಯಯ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ಪೂರ್ತಿ ಪದ ಹಾಕಿದರೆ ಏನೂ ಸಿಕ್ಕಿಬೀಳುವುದಿಲ್ಲ, ಅರ್ಧ ಪದ ಹಾಕಿದರೆ ನಿರಪರಾಧಿ ಮಾತೆಲ್ಲ ಸಿಕ್ಕಿಬೀಳುತ್ತದೆ. ಈ ಪಟ್ಟಿಗಳು ನಮ್ಮ ಭಾಷೆಗೆ ಎರಡನೇ ಕಾವಲು ಆದಾವು, ಮೊದಲನೆಯದಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 11.40ಕ್ಕೆ, ಅದೂ ಆಕೆಯ ಪರವಾಗಿ ನಿಂತವನ ಕೈಯಿಂದ. ‘ಅವಳಿಗೆ ಯಾಕೆ ನೋವಾಯಿತು ಗೊತ್ತಾ? ಅವಳು ಟ್ರಾನ್ಸ್’ ಎಂದು ಬೆಂಗಳೂರಿನ ವಿದ್ಯಾರ್ಥಿ ಎಲ್ಲರೂ ಓದುವ ಚಾನೆಲ್‌ನಲ್ಲೇ ಬರೆದ. ಮುಚ್ಚಿದ ಚಾನೆಲ್‌ನಲ್ಲಿ ನಂಬಿಕೆಯಿಂದ ಹೇಳಿಕೊಂಡ ಮಾತು ಅದು. ವಾದ ಗೆಲ್ಲುವ ಹುರುಪಿನಲ್ಲಿ ಅದನ್ನೇ ಸಾಕ್ಷಿಯಾಗಿ ಎತ್ತಿ ಹಾಕಿದ್ದ. 12.10ಕ್ಕೆ ಅದರ ಸ್ಕ್ರೀನ್‌ಶಾಟ್ ವಾಟ್ಸ್ಯಾಪ್ ಗುಂಪಿಗೆ ಬಂತು. ಡಿಸ್ಕಾರ್ಡ್‌ನಲ್ಲಿ ಕಾಣುವುದು ಆಕೆ ತಾನೇ ಇಟ್ಟುಕೊಂಡ ಹೆಸರೊಂದೇ, ವಾಟ್ಸ್ಯಾಪ್‌ನಲ್ಲಿ ಗುಂಪಿನ ಎಲ್ಲರಿಗೂ ಫೋನ್ ನಂಬರು ಕಾಣುತ್ತದೆ. ಆ ನಂಬರನ್ನು ಮನೆಯವರು ಕೊಟ್ಟ ಹೆಸರಿನಿಂದಲೇ ಉಳಿಸಿಕೊಂಡವರು ಅಲ್ಲಿ ಇಬ್ಬರಿದ್ದರು. ಬೆಳಿಗ್ಗೆ ಏಳಕ್ಕೆ ಅದು ಆಕೆಯ ಅಣ್ಣನ ಫೋನಿನಲ್ಲಿತ್ತು.

ಆ ರಾತ್ರಿಯ ಮಾತುಕತೆಯನ್ನು ಆಮೇಲೆ ಎಣಿಸಿ ನೋಡಿದಾಗ ಸರ್ವನಾಮದ ಮೇಲೆ ಇನ್ನೂರಕ್ಕೂ ಹೆಚ್ಚು ಸಂದೇಶ ಇದ್ದವು, ಸ್ಕ್ರೀನ್‌ಶಾಟ್ ಬಗ್ಗೆ ಮೂರು. ಈ ಪ್ರಕರಣದಲ್ಲಿ ನಮಗೆ ಅತ್ಯಂತ ಕಳವಳದ್ದಾಗಿ ಕಾಣುವುದು ಇದು.

ರಾಜಕೀಯ ಹೊರಗಿನಿಂದ ಬಂತೇ?

‘ರಾಜಕೀಯ ಬೇಡ’ ಎಂದವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ಹಗಲೆಲ್ಲ ಕೆಲಸ ಮಾಡಿ ರಾತ್ರಿ ಒಂದು ಎಪಿಸೋಡ್ ನೋಡುವವರಿಗೆ ಜಗಳ ಬೇಡವಾಗಿತ್ತು. ಆದರೆ ಅವರ ಮಾತಿನ ತಳಹದಿ ಸರಿಯಿಲ್ಲ. 1914ರಲ್ಲಿ ಮೊದಲ ಪ್ರದರ್ಶನ ಕೊಟ್ಟ ತಕರಾಜುಕಾ ರಂಗತಂಡದಲ್ಲಿ ಗಂಡುಪಾತ್ರ ಮಾಡುವವರೂ ಹೆಂಗಸರೇ. ಜಪಾನಿನ ಚಿತ್ರಕತೆ ಪುಸ್ತಕಗಳಾದ ಮಾಂಗಾಗಳ ಲೇಖಕ ಒಸಾಮು ತೆಜುಕಾ ಬೆಳೆದದ್ದು ಆ ತಂಡದ ಊರಾದ ತಕರಾಜುಕಾದಲ್ಲೇ. 1953ರಲ್ಲಿ ಶುರುಮಾಡಿದ ಮಾಂಗಾದಲ್ಲಿ ಗಂಡುವೇಷದ ರಾಜಕುಮಾರಿಯನ್ನು ತಂದರು. 1972ರಲ್ಲಿ ರಿಯೋಕೊ ಇಕೆದಾ ಬರೆಯತೊಡಗಿದ ಕತೆಯ ನಾಯಕಿ ಒಸ್ಕರ್, ಗಂಡಿನಂತೆ ಬೆಳೆದ ಫ್ರಾನ್ಸಿನ ಸೇನಾಧಿಕಾರಿ. 1987ರಲ್ಲಿ ರುಮಿಕೊ ತಕಾಹಾಶಿ ಅವರ ರನ್ಮಾ ತಣ್ಣೀರು ಬಿದ್ದರೆ ಹುಡುಗಿ, ಬಿಸಿನೀರು ಬಿದ್ದರೆ ಹುಡುಗ. ಲಿಂಗದ ಪ್ರಶ್ನೆ ಈ ಕಲೆಯ ಹೊಟ್ಟೆಯಲ್ಲೇ ಇದೆ, ಯಾರೂ ಹೊರಗಿನಿಂದ ಹೊತ್ತು ತಂದದ್ದಲ್ಲ.

ಹಾಗಂತ ಅನಿಮೆಯೆಲ್ಲ ಉದಾರ ಅಂದರೆ ಅದೂ ಸುಳ್ಳು. ಹೆಣ್ಣಿನ ಹಾಗೆ ನಡೆಯುವ ಗಂಡನ್ನು ಬರೀ ನಗೆಪಾಟಲು ಮಾಡುವ ಪಾತ್ರಗಳು ಅದರಲ್ಲಿ ರಾಶಿ ರಾಶಿ. ಅನುವಾದದ ಕೈವಾಡ ಬೇರೆ. ಸೈಲರ್ ಮೂನ್‌ನಲ್ಲಿ ಪ್ರೀತಿಸುವ ಜೋಡಿಯಾದ ಹರುಕಾ ಮತ್ತು ಮಿಚಿರು ಹಳೆಯ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಸೋದರ ಸಂಬಂಧಿಗಳಾಗಿಬಿಟ್ಟರು. ತದ್ವಿರುದ್ಧ ಉದಾಹರಣೆಯೂ ಇದೆ: ಅಟ್ಯಾಕ್ ಆನ್ ಟೈಟನ್ ಮಾಂಗಾದ ಹಾಂಜಿ ಗಂಡೋ ಹೆಣ್ಣೋ ಎಂದು ಗುರುತಿಸದೆ ಬಿಡುವಂತೆ ಲೇಖಕರ ಕಡೆಯಿಂದಲೇ ಸೂಚನೆ ಬಂದು, ಇಂಗ್ಲಿಷ್ ಪುಸ್ತಕದಲ್ಲಿ ಅವನು, ಅವಳು ಎರಡನ್ನೂ ತಪ್ಪಿಸಿ ಬರೆದರು.

ನಿಯಮವನ್ನು ಮೇಲಿನಿಂದ ಸುರಿದರೆ ಏನಾಗುತ್ತದೆ ಎಂಬುದೂ ಹೊಸದಲ್ಲ. 2020ರ ಆಗಸ್ಟ್‌ನಲ್ಲಿ ಇಂಗ್ಲಿಷಿನ ದೊಡ್ಡ ಅನಿಮೆ ಮೀಮ್ ಬಳಗವೊಂದು ಟ್ರಾನ್ಸ್ ಹೆಂಗಸರನ್ನು ನೋಯಿಸುವ ಒಂದು ಪದವನ್ನು ನಿಷೇಧಿಸಿತು. ನಿಷೇಧದ ಉದ್ದೇಶ ಸರಿಯಾಗಿತ್ತು. ಆದರೆ ಸದಸ್ಯರು ದಂಗೆ ಎದ್ದರು, ದಿನಗಟ್ಟಲೆ ಅದೇ ಗದ್ದಲ, ಕೊನೆಗೆ ನಡೆಸುವವರೇ ಕೆಲವರು ಕೆಳಗಿಳಿದರು.

‘ವೇಷ’ದ ವಾದ

ಹೊನ್ನಾವರದ ಸದಸ್ಯನ ಮಾತನ್ನು ತಳ್ಳಿಹಾಕುವಂತಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲ ಇದು. ಸ್ತ್ರೀವೇಷಕ್ಕೆಂದೇ ಹೆಸರಾದ ಗಂಡು ಕಲಾವಿದರನ್ನು ನಮ್ಮ ಅಜ್ಜಿಯರು ರಾತ್ರಿಯಿಡೀ ಕೂತು ನೋಡಿ ಮೆಚ್ಚಿದ್ದಾರೆ. ಮೋಹಿನಿ, ಬೃಹನ್ನಳೆ, ಶಿಖಂಡಿ ಯಾರಿಗೂ ಹೊಸಬರಲ್ಲ. ಕಾಸ್‌ಪ್ಲೇ, ಅಂದರೆ ಅನಿಮೆ ಪಾತ್ರದ ಹಾಗೆ ಉಡುಪು ತೊಡುವುದು, ಮಾಡುವ ಹುಡುಗನೊಬ್ಬ ಹುಡುಗಿಯ ಉಡುಪು ತೊಟ್ಟಾಗ ಮನೆಯವರಿಗೆ ತಿಳಿಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಳಗದ ಈಗಿನ ಪದ್ಧತಿಯೂ ಅಲ್ಲಿಂದಲೇ ಬಂತು: ರಂಗದ ಮೇಲಿರುವಷ್ಟು ಹೊತ್ತು ‘ದ್ರೌಪದಿ ಬಂದಳು’, ಬಣ್ಣದ ಮನೆಯಾದ ಚೌಕಿಗೆ ಹೋಗಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ‘ಬಂದರು’. ಕಾಸ್‌ಪ್ಲೇ ಫೋಟೊದ ಕೆಳಗೆ ಪಾತ್ರದ ಲಿಂಗ, ಮಾತಾಡಿಸುವಾಗ ಆ ಮನುಷ್ಯರು ಕೇಳಿಕೊಂಡ ಲಿಂಗ.

ಆದರೆ ಟ್ರಾನ್ಸ್ ಹೆಣ್ಣಿಗೆ ಇದೇ ವಾದ ಉರಿ ಹಚ್ಚುತ್ತದೆ. ‘ವೇಷ ಹಾಕ್ಯಾನ’, ‘ನಾಟಕ ಮಾಡಾಕತ್ತಾನ’ ಎನ್ನುವುದೇ ಆಕೆ ದಿನವೂ ಕೇಳುವ ಆರೋಪ. ಆಕೆಯ ಪಾಲಿಗೆ ಹುಡುಗನಾಗಿ ತರಗತಿಯಲ್ಲಿ ಕೂತದ್ದು ವೇಷ, ಬಿಚ್ಚಿಡಲು ಕಾಯುತ್ತಿರುವುದು ಅದನ್ನು. 2014ರ ಏಪ್ರಿಲ್ 15ರಂದು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹೂಡಿದ ಪ್ರಕರಣದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಲಿಂಗ ಗುರುತನ್ನು ವ್ಯಕ್ತಿಯ ಒಳಗಿನ ಅರಿವಿಗೆ ಸೇರಿದ್ದು ಎಂದದ್ದು ಇದೇ ಅರ್ಥದಲ್ಲಿ. 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವೂ ಅಲ್ಲ. ಬಳಗದ ಬಹಳ ಜನ ಎರಡನೆಯದನ್ನು ಕೇಳಿದ್ದರು, ಮೊದಲನೆಯದನ್ನು ಕೇಳಿರಲಿಲ್ಲ.

ಸಾಲು ತಿದ್ದಿದ ಬಗೆ

ಇನ್ನು ಕಸುಬಿನ ಮಾತು. ಲಿಂಗ ಹೇಳದೆ ಕನ್ನಡ ಬರೆಯಲು ಆಗುವುದೇ ಇಲ್ಲ ಎಂದು ಆ ರಾತ್ರಿ ಎರಡೂ ಕಡೆಯವರು ನಂಬಿದ್ದರು. ಆಮೇಲೆ ಮೂವರು ಕೂತು ಆ ಎಪಿಸೋಡಿನಲ್ಲಿ ಹಿಕರು ಬಗ್ಗೆ ಬೇರೆಯವರು ಆಡುವ ಸಾಲುಗಳನ್ನೆಲ್ಲ ಒಂದು ಶೀಟಿಗೆ ಇಳಿಸಿದಾಗ ಬೇರೆಯೇ ಚಿತ್ರ ಕಂಡಿತು.

ಕನ್ನಡದಲ್ಲಿ ‘ಇಲ್ಲ’ ಸೇರಿದ ನಿಷೇಧ ರೂಪಕ್ಕೆ ಲಿಂಗವೇ ಇಲ್ಲ: ‘ಹಿಕರು ಬರಲಿಲ್ಲ’, ‘ಬರೋದಿಲ್ಲ’, ‘ಬಂದೇ ಇಲ್ಲ’. ಬೇಕು, ಬೇಡ, ಗೊತ್ತು, ಇಷ್ಟ, ಸಾಕು ಇವಕ್ಕೂ ಇಲ್ಲ: ‘ಹಿಕರುಗೆ ಗೊತ್ತು’, ‘ಹಿಕರುಗೆ ಅದೆಲ್ಲ ಇಷ್ಟ ಆಗಲ್ಲ’. ಬರಲಿ, ಬರಬಹುದು, ಬರಬೇಕಿತ್ತು ಕೂಡ ಹಾಗೇ. ಉಳಿದ ಕಡೆ ಕ್ರಿಯೆಯನ್ನು ನಾಮಪದ ಮಾಡಿದರೆ ಮುಗಿಯಿತು: ‘ಹಿಕರು ಸುಳ್ಳು ಹೇಳಿದಳು’ ಎಂಬಲ್ಲಿ ‘ಹಿಕರು ಹೇಳಿದ್ದು ಸುಳ್ಳು’. ಸರ್ವನಾಮದ ಜಾಗದಲ್ಲಿ ಹೆಸರನ್ನೇ ಮತ್ತೆ ಹೇಳುವುದು ಜಪಾನಿಯಲ್ಲೂ ವಾಡಿಕೆ, ಕನ್ನಡದಲ್ಲೂ ಕಿವಿಗೆ ಒಗ್ಗುತ್ತದೆ. ಜಗಳ ಹತ್ತಿಸಿದ ‘ಬಂತು ನೋಡು’ ಎಂಬಲ್ಲಿ ಕೊನೆಗೆ ನಿಂತದ್ದು ‘ಬಂದಾಯ್ತು ನೋಡು’. ಮೂಲದ ಒಂದು ಪದದ ಚುರುಕೂ ಉಳಿಯಿತು.

ಇದರಲ್ಲಿ ಎಡವುವ ಜಾಗಗಳೂ ಇವೆ. ‘ಬಂದದ್ದು, ಹೋದದ್ದು, ಕಂಡದ್ದು’ ಎಂದು ಒಂದೇ ದೃಶ್ಯದಲ್ಲಿ ನಾಲ್ಕೈದು ಬಂದರೆ ಪಂಚನಾಮೆ ಓದಿದ ಹಾಗಾಗುತ್ತದೆ; ಎರಡಕ್ಕಿಂತ ಹೆಚ್ಚು ಒಟ್ಟಿಗೆ ಬರಬಾರದು. ಸಾಲು ಉದ್ದವಾಗುವ ಅಪಾಯವೂ ಇದೆ. ಸಬ್‌ಟೈಟಲ್ ಎರಡು ಸಾಲು ಮೀರುವಂತಿಲ್ಲ, ಪರದೆಯ ಮೇಲೆ ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸುವ ವಾಡಿಕೆಯೂ ಇಲ್ಲ. ‘ಬಂದರು’ ಎಂಬ ಬಹುವಚನವನ್ನು ಅಪರಿಚಿತರು ಆಡುವ ಸಾಲುಗಳಿಗಷ್ಟೇ ಇಟ್ಟುಕೊಳ್ಳುವುದು ಮೇಲು. ಒಂದೇ ಬೆಂಚಿನ ಗೆಳೆಯನ ಬಾಯಲ್ಲಿ ಅದು ಬಂದರೆ ಇಬ್ಬರ ಸಲಿಗೆಯೇ ಸತ್ತುಹೋಗುತ್ತದೆ.

ಶೀಟಿಗೆ ನಾಲ್ಕು ಕಾಲಮು: ಆಡುವವರು ಯಾರು, ಯಾರ ಬಗ್ಗೆ, ಆಡುವವರಿಗೆ ಏನು ಗೊತ್ತು, ನೋಡುವವರಿಗೆ ಈ ಹೊತ್ತಿಗೆ ಏನು ಗೊತ್ತು. ಮೂರನೆಯದು ಬಹಳ ಮುಖ್ಯ. ಕ್ರಿಯಾಪದದ ಲಿಂಗ ಅನುವಾದಕನ ತೀರ್ಮಾನವಾಗಬಾರದು, ಆಡುವ ಪಾತ್ರದ ತಿಳಿವಳಿಕೆಯಾಗಬೇಕು. ತರಗತಿಯ ಪುಂಡ ಹಿಕರುವನ್ನು ಹುಡುಗ ಎಂದುಕೊಂಡೇ ಬೈಯುತ್ತಾನೆ. ಅವನ ಬಾಯಲ್ಲಿ ‘ಬಂದ’ ಇರಲೇಬೇಕು, ಅದು ಅವನ ಊಹೆ. ತಾತ ಹಿಕರುವನ್ನು ಮೊಮ್ಮಗಳೆಂದೇ ತಿಳಿದಿದ್ದಾನೆ. ಅಲ್ಲಿ ‘ಬಂದಳು’ ಇರಲಿ. ಇಬ್ಬರ ಮಾತು ಒಂದಕ್ಕೊಂದು ತಾಳೆಯಾಗದಿದ್ದಾಗಲೇ ಕತೆಯ ಗಂಟು ಕನ್ನಡದ ನೋಡುಗನಿಗೆ ಸಿಗುವುದು. ಈ ಒಂದು ಜಾಗದಲ್ಲಿ ನಮ್ಮ ಕ್ರಿಯಾಪದ ಜಪಾನಿಗಿಂತ ಹೆಚ್ಚು ಹೇಳಬಲ್ಲದು.

ಹೀಗೆಲ್ಲ ಬಿಡಿಸಿದ ಮೇಲೂ ಒಂದು ಸಾಲು ಅಂಟಿಕೊಂಡಿತು. ಕೊನೆಯ ದೃಶ್ಯದಲ್ಲಿ ಎರಡು ದಿನ ಕಾಣೆಯಾಗಿದ್ದ ಹಿಕರು ಮನೆ ಸೇರಿದಾಗ ತಾಯಿ ಫೋನಿನಲ್ಲಿ ಹೇಳುವ ಮಾತು. ಅನುವಾದಕ ‘ನನ್ನ ಮಗು ಬಂತು’ ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟ. ಅದನ್ನು ಒಪ್ಪಲೂ ಅಳಿಸಲೂ ಮೂರು ವಾರ ಯಾರೂ ಕೈಹಾಕಲಿಲ್ಲ.

(ಇಲ್ಲಿ ಒಂದು ಮಾತು ಸೇರಿಸಬೇಕು. ಅನುವಾದದ ಹಕ್ಕು ಮೂಲದ ಹಕ್ಕುದಾರರದ್ದು. ಕಲಿಕೆಗಾಗಿ ತಮ್ಮೊಳಗೆ ಬರೆದುಕೊಳ್ಳುವುದು ಬೇರೆ, ವಿಡಿಯೊಗೆ ಅಂಟಿಸಿ ಹಂಚುವುದು ಬೇರೆ. ಬಳಗ ಎರಡನೆಯದನ್ನು ಮಾಡುವುದಿಲ್ಲ.)

ಗುಟ್ಟು ಹೊರಬಿದ್ದ ದಿನ

ಸೋಮವಾರ ಬೆಳಿಗ್ಗೆ ಬಳಗದವರಿಗೆ ವಿಷಯ ತಿಳಿಯಿತು. ಒಳ್ಳೆಯ ಮನಸ್ಸಿನಿಂದ ಹದಿನೇಳು ಜನ ಆಕೆಗೆ ಸಂದೇಶ ಕಳಿಸಿದರು. ‘ಹುಷಾರಾಗಿದ್ದೀಯಾ?’, ‘ನಾವು ನಿನ್ನ ಜೊತೆ ಇದ್ದೀವಿ’, ಆಕೆ ಇಟ್ಟುಕೊಂಡ ಹೆಸರು ಬರೆದು, ಕಾಮನಬಿಲ್ಲಿನ ಗುರುತು ಹಾಕಿ. ಫೋನು ಆ ಹೊತ್ತಿಗೆ ಅಣ್ಣನ ಕೈಯಲ್ಲಿತ್ತು. ಬೀಗ ಹಾಕಿದ ಪರದೆಯ ಮೇಲೆ ಒಂದೊಂದಾಗಿ ಅವೆಲ್ಲ ಮೂಡಿದವು. ಮನೆಯವರಿಗೆ ಅರ್ಧಂಬರ್ಧ ಅನುಮಾನವಾಗಿದ್ದದ್ದು ಹದಿನೇಳು ಸಲ ಖಾತ್ರಿಯಾಯಿತು.

ಇಂಥ ಹೊತ್ತಿನಲ್ಲಿ ಒಬ್ಬರೇ ಸಂಪರ್ಕದಲ್ಲಿರಬೇಕು, ಅದೂ ಆಕೆ ಮೊದಲೇ ನಂಬಿದವರು. ಮೊದಲು ಒಂದು ಮಾಮೂಲಿ ಸಂದೇಶ: ‘ನೋಟ್ಸ್ ಸಿಕ್ತಾ?’ ಎಂಬಂಥದ್ದು. ಉತ್ತರದ ಧಾಟಿ ನೋಡಿಯೇ ಫೋನು ಯಾರ ಕೈಯಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಯಾರಿಗೆ ಎಷ್ಟು ಗೊತ್ತಾಗಿದೆ? ಇವತ್ತು ರಾತ್ರಿ ಮನೆಯಲ್ಲಿರುವುದು ಸುರಕ್ಷಿತವೇ? ಆಧಾರ್, ಅಂಕಪಟ್ಟಿ, ಒಂದಿಷ್ಟು ದುಡ್ಡು ಕೈಗೆ ಸಿಗುವ ಜಾಗದಲ್ಲಿವೆಯೇ? ನಾವು ಏನು ಮಾಡಬಾರದು? ಕೊನೆಯದನ್ನು ಕೇಳುವವರು ಬಹಳ ಕಡಿಮೆ. ಇಲ್ಲಿ ದಾಂಡೇಲಿಯ ಗೆಳತಿಯೊಬ್ಬಳು ಮಧ್ಯಾಹ್ನ ಇದನ್ನೆಲ್ಲ ಕೇಳಿದಳು. ಎರಡು ರಾತ್ರಿ ಆಕೆ ಆ ಗೆಳತಿಯ ಮನೆಯಲ್ಲೇ ಇದ್ದಳು.

ವಾಟ್ಸ್ಯಾಪ್‌ನಲ್ಲಿ ಗುಂಪಿನ ಅಡ್ಮಿನ್ ಯಾರ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸಬಹುದು. ಈ ಗುಂಪಿನ ಅಡ್ಮಿನ್‌ಗೆ ಅದು ಗೊತ್ತಿರಲಿಲ್ಲ. ಹಾಕಿದವನೇ ಅಳಿಸಲಿ ಎಂದು ಹತ್ತು ತಾಸು ಕಾದ. ಅಳಿಸುವ ಮುಂಚೆ ಇನ್ನೊಂದು ಕೆಲಸ ಇದೆ: ಸಂದೇಶ, ಕಳಿಸಿದ ನಂಬರು, ದಿನಾಂಕ, ಹೊತ್ತು ಎಲ್ಲ ಕಾಣುವಂತೆ ಚಿತ್ರ ತೆಗೆದು ಒಬ್ಬರ ಹತ್ತಿರ ಇಡಬೇಕು. ಡಿಸ್ಕಾರ್ಡ್‌ನಲ್ಲಾದರೆ ಸಂದೇಶದ ಕೊಂಡಿಯನ್ನೂ ನಕಲು ಮಾಡಬೇಕು. ಅಡ್ಮಿನ್‌ಗಳ ಕ್ರಮದ ದಾಖಲೆ ಅಲ್ಲಿ 45 ದಿನ ಮಾತ್ರ ಉಳಿಯುತ್ತದೆ. ಇವಿಲ್ಲದೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗಾಗಲಿ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಾಗಲಿ ಹೋದರೆ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಟ್ರಾನ್ಸ್ ವ್ಯಕ್ತಿಗಳ ಹಕ್ಕು ರಕ್ಷಣೆಗೆ 2019ರಲ್ಲಿ ಬಂದ ಕಾಯ್ದೆಯ 18ನೇ ಕಲಮು ಮಾತಿನಿಂದ, ಮಾನಸಿಕವಾಗಿ ಹಿಂಸಿಸುವುದನ್ನೂ ಅಪರಾಧವಾಗಿಸಿತು. 2019ರಲ್ಲಿ ಅದು ಇಟ್ಟ ಶಿಕ್ಷೆ ಆರು ತಿಂಗಳಿನಿಂದ ಎರಡು ವರ್ಷ. ದೂರು ಕೊಡುವುದು ಬಿಡುವುದು ಆಕೆಯ ನಿರ್ಧಾರ. ಆಕೆ ಬೇಡ ಎಂದಳು. ‘ಹೋರಾಟ ಮಾಡಬೇಕು’ ಎಂದು ಒತ್ತಾಯಿಸಿದ ಇಬ್ಬರನ್ನು ಗೆಳತಿ ಸುಮ್ಮನಾಗಿಸಿದಳು, ಸರಿಯಾಗಿಯೇ ಮಾಡಿದಳು. ಆಕೆ ಬಳಸಿಕೊಂಡದ್ದು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಬೆಂಗಳೂರಿನ ವಿದ್ಯಾರ್ಥಿ ತಕ್ಷಣ ಎಲ್ಲರೆದುರು ಕ್ಷಮೆ ಕೇಳಲು ಹೊರಟ. ಅದರಲ್ಲಿ ಆಕೆಯ ಹೆಸರೂ ಇತ್ತು, ಆದದ್ದರ ಪೂರ್ತಿ ವಿವರವೂ ಇತ್ತು. ಹಾಕಿದ್ದರೆ ಓದದವರೂ ಓದುತ್ತಿದ್ದರು. ಅದನ್ನು ತಡೆದು, ಗೆಳತಿಯ ಮೂಲಕ ಆಕೆಗಷ್ಟೇ ತಲುಪಿಸಿದರು. ಅನುವಾದಕ ನಾಲ್ಕನೇ ದಿನ ಮರಳಿ ಬಂದು ಬಳಗಕ್ಕೆ ಮೂರು ಸಾಲು ಬರೆದ: ‘ನಮ್ಮ ಮನೆಮಾತಿನಲ್ಲಿ ಅದು ತಪ್ಪಲ್ಲ. ಸಬ್‌ಟೈಟಲ್ ನಮ್ಮ ಮನೆಗೆ ಮಾತ್ರ ಬರೆಯೋದಲ್ಲ. ಆ ಸಾಲು ತೆಗೆದಿದ್ದೇನೆ.’ ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಬದಲಾದದ್ದು

ಇಂಗ್ಲಿಷಿನ ಹದಿನಾಲ್ಕು ನಿಯಮ ಹೋಗಿ ಕನ್ನಡದಲ್ಲಿ ಐದು ಉಳಿದವು. ಮೊದಲನೆಯದು, ಒಬ್ಬರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ಇನ್ನೊಬ್ಬರು ಎಲ್ಲೂ, ಅವರ ಪರವಾಗಿಯೂ, ಹೇಳಬಾರದು. ಇದನ್ನು ಮುರಿದರೆ ಎಚ್ಚರಿಕೆ ಇಲ್ಲ, ನೇರ ಹೊರಗೆ. ಬೈಗುಳಕ್ಕೆ ಮೊದಲ ಸಲ ಒಂದು ದಿನ ಬಾಯಿಗೆ ಬೀಗ, ಎರಡನೇ ಸಲ ಒಂದು ವಾರ. ಅಡ್ಮಿನ್‌ಗಳು ಈಗ ಮೂವರು, ಮೂರು ಬೇರೆ ತಾಲೂಕಿನವರು, ಮೂವರ ಸಿಮ್‌ ಕಂಪನಿಯೂ ಬೇರೆ ಬೇರೆ.

ಹಳೆಯ ನಿಯಮದ ಒಂದು ಅನ್ಯಾಯ ಈ ಗದ್ದಲದಲ್ಲೇ ಕಣ್ಣಿಗೆ ಬಿತ್ತು. ಗಂಡು–ಗಂಡು, ಹೆಣ್ಣು–ಹೆಣ್ಣು ಪ್ರೀತಿಯ ಕತೆಗಳೆಲ್ಲ ಹದಿನೆಂಟು ದಾಟಿದವರ ಚಾನೆಲ್‌ಗೆ ಹೋಗಬೇಕಿತ್ತು. ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡ ಚಿತ್ರಕ್ಕೆ ಬೀಗ. ಹುಡುಗ ಹುಡುಗಿಯ ಬಿಸಿನೀರಿನ ಕೊಳದ ದೃಶ್ಯ ಎಲ್ಲರ ಎದುರು. ಈಗ ನೋಡುವುದು ಏನು ತೋರಿಸಿದೆ ಎಂಬುದನ್ನು, ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬುದನ್ನಲ್ಲ. ಮಕ್ಕಳನ್ನು ಅಶ್ಲೀಲವಾಗಿ ತೋರಿಸುವ ಚಿತ್ರಕ್ಕೆ ಯಾವ ಚಾನೆಲ್‌ನಲ್ಲೂ ಜಾಗವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಅಂಥ ಡಿಜಿಟಲ್ ಚಿತ್ರವನ್ನು ತಯಾರಿಸುವುದನ್ನೂ ಹಂಚುವುದನ್ನೂ ಅಪರಾಧ ಎನ್ನುತ್ತದೆ, ‘ಬರೀ ಕಾರ್ಟೂನ್ ತಾನೇ’ ಎಂಬ ಸಮಜಾಯಿಷಿಯನ್ನು ಬಳಗ ಕೇಳುವುದಿಲ್ಲ.

ಸ್ಕ್ರೀನ್‌ಶಾಟ್ ಮೊದಲು ಅಣ್ಣನಿಗೆ ಕಳಿಸಿದವರು ಯಾರು ಎಂಬುದು ಪತ್ತೆಯಾಗಲಿಲ್ಲ. ಎಷ್ಟು ಫೋನುಗಳಲ್ಲಿ ಅದು ಉಳಿದಿದೆ ಎಂದು ತಿಳಿಯುವ ದಾರಿಯೂ ಇಲ್ಲ. ಮನೆಯಲ್ಲಿ ತಾಯಿ ಮಾತಾಡುತ್ತಾರೆ, ಅಣ್ಣ ಇನ್ನೂ ಮಾತಾಡುವುದಿಲ್ಲ.

ಮೂರು ವಾರದ ನಂತರ ಸಬ್‌ಟೈಟಲ್ ಶೀಟಿನಲ್ಲಿ, ತಾಯಿಯ ಆ ಸಾಲಿನ ಪಕ್ಕ, ಪ್ರಶ್ನಾರ್ಥಕ ಚಿಹ್ನೆಯ ಕೆಳಗೆ ಹೊಸ ಖಾತೆಯೊಂದರಿಂದ ಟಿಪ್ಪಣಿ ಬಂತು: ‘ಅವ್ವ ಅಂದ್ರ ನಡೀತೈತಿ. ಇಲ್ಲಿ ಬಂತು ಇರ್ಲಿ.’ ಶೀಟಿಗೆ ಆಕೆ ಈಗಲೂ ಬರುತ್ತಾಳೆ. ವಾಟ್ಸ್ಯಾಪ್ ಗುಂಪಿಗೆ ಮರಳಿಲ್ಲ.